ಅಪಘಾತದ ನಡುಕ, ಮೆದುಳಿನ ತಂತಿ ಮತ್ತು ಗಡಿನಾಡಿನ ಮನೆಗಳು

2024ರ ಡಿಸೆಂಬರಿನಲ್ಲಿ ಸ್ವಿಟ್ಸರ್ಲೆಂಡಿನ ಲೋಸಾನ್ ನಗರದಿಂದ ಬಂದ ವಾರ್ತೆಯೊಂದು ನಮ್ಮವರ ಮೊಬೈಲುಗಳಲ್ಲಿ ಇಂದಿಗೂ ಸುತ್ತುತ್ತಿದೆ. ಹಿಮದ ಮೇಲೆ ಜಾರುವ ಆಟದಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದ ಆಸ್ಟ್ರಿಯಾದ ಗೃಹಸ್ಥರೊಬ್ಬರು, ಮೆದುಳಿನೊಳಗೆ ತಂತಿ ಇರಿಸಿಕೊಂಡ ಬಳಿಕ ಮೆಟ್ಟಿಲು ಹತ್ತಿ ಇಳಿಯುವ ಚಿತ್ರ ಅದು. ಅದಕ್ಕೂ ಒಂದು ವರ್ಷ ಮೊದಲು, 2023ರ ಡಿಸೆಂಬರಿನಲ್ಲಿ, ಅಮೆರಿಕದಿಂದ ಇಂಥದೇ ಇನ್ನೊಂದು ಸುದ್ದಿ ಬಂದಿತ್ತು. ತಲೆಗೆ ಪೆಟ್ಟಾಗಿ ಏಕಾಗ್ರತೆ ಕಳೆದುಕೊಂಡಿದ್ದ ಐವರು ಇಂಥದೇ ತಂತಿಯ ನೆರವಿನಿಂದ ಚೇತರಿಸಿಕೊಂಡರೆಂದು ಅದರಲ್ಲಿತ್ತು. ವಾರ್ತೆಗಳೇನೋ ನಿಜ. ಆದರೆ ಅವು ಕನ್ನಡದ ಎರಡು ಸಾಲಿನ ಒಕ್ಕಣೆಯೊಂದಿಗೆ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಮನೆಗಳಿಗೆ ತಲಪುವಾಗ, "ಅಪಘಾತದಿಂದ ಕೈಕಾಲು ಸ್ವಾಧೀನ ತಪ್ಪಿದವರಿಗೆ ಇನ್ನು ಚಿಂತೆಯಿಲ್ಲ" ಎಂದಾಗಿಬಿಟ್ಟಿವೆ. ಬೈಕಿನಿಂದ ಬಿದ್ದ ಮಗನ ಕೈ ಎರಡು ವರ್ಷದಿಂದ ನಡುಗುತ್ತಿರುವ ಮನೆಯಲ್ಲಿ ಇಂಥ ಮಾತಿಗೆ ಎಷ್ಟು ಬೆಲೆ ಬರುತ್ತದೆಂದು ಹೇಳಬೇಕಾಗಿಲ್ಲ. ತೋಟ ಅಡವಿಟ್ಟಾದರೂ ಮಾಡಿಸೋಣ ಎನ್ನುವ ತಂದೆ ತಾಯಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಆದುದರಿಂದ ಈ ಚಿಕಿತ್ಸೆಯಲ್ಲಿ ಸತ್ಯವೆಷ್ಟು, ಆಸೆಯೆಷ್ಟು ಎಂಬುದನ್ನು ಒಮ್ಮೆ ಬಿಡಿಸಿ ನೋಡುವುದು ಯುಕ್ತವೆಂದು ನಮಗೆ ತೋರಿದೆ.

ಮೊದಲಿಗೆ ಆ ಎರಡು ವಾರ್ತೆಗಳ ವಿಚಾರ. ಲೋಸಾನಿನ ಪ್ರಯೋಗಕ್ಕೆ ಒಳಗಾದವರು ಇಬ್ಬರೇ. ಇಬ್ಬರದೂ ಬೆನ್ನುಹುರಿ ಪೂರ್ತಿ ಕಡಿದುಹೋಗಿರಲಿಲ್ಲ. ಕಾಲಿಗೆ ಸ್ವಲ್ಪ ಮಟ್ಟಿನ ಶಕ್ತಿ ಉಳಿದಿತ್ತು. ಹೈಪೋಥಲಾಮಸ್ ಎಂಬ ಭಾಗದ ಒಂದು ಪಕ್ಕಕ್ಕೆ ವಿದ್ಯುತ್ತು ಹರಿಸಿದಾಗ ಆ ಉಳಿದ ಶಕ್ತಿ ಹೆಚ್ಚು ಕೆಲಸಕ್ಕೆ ಬಂತು ಎಂಬುದು ಸಂಶೋಧಕರು ಹೇಳಿದ ಮಾತು. ಅಮೆರಿಕದ ಪ್ರಯೋಗ ಇನ್ನೂ ಬೇರೆ. ಅಲ್ಲಿ ನೋಡಿದ್ದು ಕೈಕಾಲಿನ ಚಲನೆಯನ್ನಲ್ಲ, ಮನಸ್ಸಿನ ವೇಗವನ್ನು. ಕಾಗದದ ಮೇಲಿನ ಅಂಕೆ ಅಕ್ಷರಗಳನ್ನು ಕ್ರಮವಾಗಿ ಜೋಡಿಸುವ ಒಂದು ಪರೀಕ್ಷೆಯಲ್ಲಿ ಆ ಐವರು ಶೇಕಡಾ 15ರಿಂದ 52ರಷ್ಟು ಬೇಗ ಮುಗಿಸುವಂತಾದರು. ಇವು ದೊಡ್ಡ ಹೆಜ್ಜೆಗಳೇ ಸರಿ. ಆದರೆ ಇಬ್ಬರ ಮೇಲೆ, ಐವರ ಮೇಲೆ ನಡೆದ ಪ್ರಯೋಗ ಇನ್ನೂ ಪ್ರಯೋಗವೇ ಹೊರತು ಆಸ್ಪತ್ರೆಗೆ ಹೋಗಿ ಚೀಟಿ ಬರೆಸಿ ಪಡೆಯುವ ಚಿಕಿತ್ಸೆಯಲ್ಲ. ಅಪಘಾತದ ನಂತರ ಬರುವ ನಡುಕಕ್ಕೂ ಇವೆರಡಕ್ಕೂ ನೇರ ಸಂಬಂಧವೂ ಇಲ್ಲ. ತಂತಿ ಒಂದೇ ಬಗೆಯದು; ಅದನ್ನು ಇರಿಸುವ ಜಾಗ ಬೇರೆ, ಉದ್ದೇಶ ಬೇರೆ.

ಇನ್ನು ನಡುಕದ ಸಂಗತಿ. ಭಾರತ ಸರಕಾರದ ಸಾರಿಗೆ ಇಲಾಖೆಯ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, 4,43,366 ಮಂದಿ ಗಾಯಗೊಂಡರು. ಸತ್ತವರ ಲೆಕ್ಕ ವರ್ಷವರ್ಷವೂ ಪತ್ರಿಕೆಗಳಲ್ಲಿ ಬರುತ್ತದೆ; ಬದುಕಿ ಉಳಿದು ಮನೆಯ ಮೂಲೆ ಸೇರಿದವರ ಲೆಕ್ಕವನ್ನು ಕೇಳುವವರಿಲ್ಲ. ತಲಪಾಡಿಯಿಂದ ಕಾಲಿಕ್ಕಡವಿನವರೆಗೆ ಜಿಲ್ಲೆಯನ್ನು ಉದ್ದಕ್ಕೆ ಹಾಯ್ದು ಹೋಗುವ ಹೆದ್ದಾರಿಯ ಬದಿಯಲ್ಲಿ ಬಾಳುವ ನಮಗೆ ಇದು ದೂರದ ವಿಷಯವಲ್ಲ. ಇದರ ಜೊತೆಗೆ ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದು ತಲೆಗೆ ಏಟು ಮಾಡಿಕೊಳ್ಳುವವರು ಬೇರೆ.

ತಲೆಗೆ ಬಲವಾದ ಪೆಟ್ಟು ಬಿದ್ದಾಗ ಮೆದುಳು ಬುರುಡೆಯೊಳಗೆ ತಿರುಚಿ ಅಲುಗುತ್ತದೆ. ಹೊರಗೆ ಗಾಯವೇ ಇಲ್ಲದಿದ್ದರೂ ಒಳಗಿನ ನರತಂತುಗಳು ಹರಿದಿರಬಹುದು. ಕಿರುಮೆದುಳಿನಿಂದ ಹೊರಟು ಮೆದುಳಿನ ಕಾಂಡವನ್ನು ದಾಟಿ, ಆಳದಲ್ಲಿರುವ ಥಲಾಮಸ್ ಎಂಬ ಗಂಟಿಗೆ ಹೋಗುವ ಒಂದು ದಾರಿಯಿದೆ. ಕೈ ಎಲ್ಲಿ ನಿಲ್ಲಬೇಕು, ಎಷ್ಟು ಚಾಚಬೇಕು ಎಂಬ ತಿದ್ದುಪಡಿ ಹೋಗುವುದು ಈ ದಾರಿಯಲ್ಲೇ. ಅದು ಮುರಿದರೆ ಲೋಟ ಹಿಡಿಯಲು ಹೊರಟ ಕೈ ಗುರಿ ಹತ್ತಿರವಾದಷ್ಟೂ ಹೆಚ್ಚು ಹೆಚ್ಚು ಬೀಸಾಡತೊಡಗುತ್ತದೆ. ವಯಸ್ಸಾದವರಲ್ಲಿ ಕಾಣುವ ಪಾರ್ಕಿನ್ಸನ್ ನಡುಕ ಇದಲ್ಲ. ಅಲ್ಲಿ ಕೈ ಸುಮ್ಮನಿದ್ದಾಗ ನಡುಗುವುದು ಹೆಚ್ಚು. ಇಲ್ಲಿ ಕೆಲಸಕ್ಕೆ ಹೊರಟಾಗಲೇ ಕೈಕೊಡುತ್ತದೆ. ಊಟದ ತುತ್ತು ಬಾಯಿಗೆ ಸೇರುವುದಿಲ್ಲ. ಕೆಲವರಿಗೆ ನಡುಕದ ಬದಲು ಕುತ್ತಿಗೆ, ಕೈ ಅಥವಾ ಪಾದ ತಾನಾಗಿ ತಿರುಚಿಕೊಳ್ಳುತ್ತದೆ. ಅದನ್ನು ವೈದ್ಯರು ಡಿಸ್ಟೋನಿಯಾ ಎನ್ನುತ್ತಾರೆ.

ಇವೆಲ್ಲ ಅಪಘಾತದ ಮರುದಿನ ಕಾಣಿಸುವುದಿಲ್ಲ ಎಂಬುದನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ರೋಗಿ ಎಚ್ಚರಗೊಂಡು, ಮನೆಗೆ ಬಂದು, ಎದ್ದು ನಡೆಯಲು ಆರಂಭಿಸಿ, ಎಲ್ಲರೂ ದೇವರಿಗೆ ಕೈಮುಗಿದ ಮೇಲೆ, ವಾರಗಳೋ ತಿಂಗಳುಗಳೋ ಕಳೆದು ನಡುಕ ಆರಂಭವಾಗಬಹುದು. ಜರ್ಮನಿಯ ನರಶಸ್ತ್ರವೈದ್ಯ ಯೋಆಕಿಮ್ ಕ್ರೌಸ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಲೆಗೆ ತೀವ್ರ ಪೆಟ್ಟಾಗಿ ಬದುಕುಳಿದ 221 ಮಂದಿಯ ಪೈಕಿ 50 ಮಂದಿಗೆ ಇಂಥ ಯಾವುದಾದರೊಂದು ಚಲನದೋಷ ಬಂದಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ತಾನಾಗಿ ಹೋಯಿತು, ಉಳಿದರ್ಧಕ್ಕೆ ಅಂಟಿಕೊಂಡಿತು. ನಡುಕ ಕಂಡೊಡನೆ ಶಸ್ತ್ರಚಿಕಿತ್ಸೆಗೆ ಓಡಬಾರದು ಎಂಬುದಕ್ಕೆ ಈ ಅಂಕೆಯೇ ಸಾಕು. ಒಂದು ವರ್ಷವಾದರೂ ಕಾದು, ಔಷಧಿ ಪ್ರಯತ್ನಿಸಿ ನೋಡುವುದು ವೈದ್ಯರ ವಾಡಿಕೆ. ಹಾಗೆಂದು "ಇದು ನರದೌರ್ಬಲ್ಯ, ತಾನಾಗಿ ಹೋದೀತು" ಎಂದು ಐದಾರು ವರ್ಷ ಟಾನಿಕ್ಕು ಕುಡಿಸುತ್ತ ಕೂರುವುದೂ ತಪ್ಪು. ನಮ್ಮಲ್ಲಿ ಹೆಚ್ಚಾಗಿ ಆಗುತ್ತಿರುವುದು ಎರಡನೆಯದೇ.

ಮೆದುಳಿನ ಆಳಕ್ಕೆ ಕೈಹಾಕಿ ನಡುಕ ನಿಲ್ಲಿಸುವ ಯತ್ನ ಹೊಸದಲ್ಲ. ಥಲಾಮಸಿನ ಒಂದು ಚುಕ್ಕೆಯಷ್ಟು ಭಾಗವನ್ನು ಸುಟ್ಟರೆ ನಡುಕ ತಗ್ಗುತ್ತದೆಂಬುದು ಐವತ್ತು ಅರುವತ್ತರ ದಶಕಗಳಲ್ಲೇ ತಿಳಿದಿತ್ತು. ನಮ್ಮ ದೇಶವೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಡಾ. ಆರ್. ಮಾರ್ತಾಂಡ ವರ್ಮ ಅವರು ಕೇರಳದ ಮಾವೇಲಿಕ್ಕರದವರು. ಬುರುಡೆಯನ್ನು ಕೊರೆಯದೆ, ಅದರ ಬುಡದಲ್ಲಿರುವ ಸಹಜವಾದ ತೂತಿನ ಮೂಲಕ ಕೆನ್ನೆಯ ಕಡೆಯಿಂದ ಸೂಜಿ ಇಳಿಸಿ ನಡುಕ ತಗ್ಗಿಸುವ ಅವರ ವಿಧಾನ ಅವರ ಹೆಸರಿನಿಂದಲೇ ಪ್ರಸಿದ್ಧ. ಮದ್ರಾಸಿನಲ್ಲಿ ಡಾ. ಟಿ.ಎಸ್. ಕನಕ ಎಪ್ಪತ್ತರ ದಶಕದಲ್ಲೇ ಮೆದುಳಿನಲ್ಲಿ ಕಾಯಂ ಆಗಿ ತಂತಿ ಇರಿಸುವ ಕೆಲಸಕ್ಕೆ ಕೈಹಾಕಿದ್ದರು. ಗಡಿಯ ಆಚೆ ಈಚೆ ಎಂದು ನಾವು ಲೆಕ್ಕ ಹಾಕುವುದು ಈಗ. ವಿದ್ಯೆಗೆ ಅಂದು ಆ ಲೆಕ್ಕವಿರಲಿಲ್ಲ.

ಸುಡುವ ವಿಧಾನದ ತೊಡಕೆಂದರೆ ಸುಟ್ಟದ್ದು ಮರಳಿ ಬರುವುದಿಲ್ಲ. ಅದೇ ಕ್ರೌಸ್ ತಂಡ 1994ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಪಘಾತದ ನಡುಕಕ್ಕಾಗಿ ಹೀಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಸರಾಸರಿ ಹತ್ತು ವರ್ಷದ ಮೇಲೆ ಮತ್ತೆ ಪರೀಕ್ಷಿಸಲಾಯಿತು. ಶೇಕಡಾ 65 ಮಂದಿಗೆ ನಡುಕ ಪೂರ್ತಿ ಹೋಗಿತ್ತು ಅಥವಾ ಬಹಳ ತಗ್ಗಿತ್ತು. ಆದರೆ ಶೇಕಡಾ 38 ಮಂದಿಗೆ ಮಾತಿನ ತೊಡಕು ಮೊದಲಾದ ಹೊಸ ಉಪದ್ರವಗಳು ಶಾಶ್ವತವಾಗಿ ಉಳಿದಿದ್ದವು. ಮೊದಲೇ ಪೆಟ್ಟು ತಿಂದ ಮೆದುಳಿಗೆ ಇನ್ನೊಂದು ಗಾಯ ಹೆಚ್ಚು ಭಾರವಾಗುತ್ತದೆಂಬುದು ಇದರ ಅರ್ಥ.

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದ ಡಾ. ಬೆನಾಬಿದ್ ತೋರಿಸಿದ ಹೊಸ ದಾರಿ ಮುಖ್ಯವಾಗುವುದು ಇಲ್ಲಿಯೇ. ಸುಡುವ ಬದಲು ಅದೇ ಜಾಗದಲ್ಲಿ ತೆಳುವಾದ ತಂತಿ ಇರಿಸಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಸಣ್ಣ ವಿದ್ಯುತ್ ಮಿಡಿತ ಕೊಟ್ಟರೆ ಕೆಟ್ಟ ಲಯ ಅಡಗುತ್ತದೆ. ವಿದ್ಯುತ್ತನ್ನು ನಿಲ್ಲಿಸಿದರೆ ಎಲ್ಲ ಮೊದಲಿನಂತೆ. ತಂತಿ ಚರ್ಮದಡಿಯಲ್ಲಿ ಕುತ್ತಿಗೆಯ ಮೂಲಕ ಇಳಿದು, ಎದೆಯ ಮೇಲ್ಭಾಗದಲ್ಲಿ ಹುದುಗಿಸಿದ ಬೆಂಕಿಪೆಟ್ಟಿಗೆಯಂಥ ಬ್ಯಾಟರಿ ಯಂತ್ರಕ್ಕೆ ಸೇರುತ್ತದೆ. ಇದೇ ಡೀಪ್ ಬ್ರೈನ್ ಸ್ಟಿಮ್ಯುಲೇಶನ್, ವೈದ್ಯರ ಬಾಯಲ್ಲಿ ಡಿ.ಬಿ.ಎಸ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1997ರಲ್ಲಿ ಕೆಲವು ಬಗೆಯ ನಡುಕಗಳಿಗೆ, 2002ರಲ್ಲಿ ಪಾರ್ಕಿನ್ಸನ್ ರೋಗಕ್ಕೆ, 2003ರಲ್ಲಿ ಷರತ್ತಿನ ಮೇಲೆ ಡಿಸ್ಟೋನಿಯಾಕ್ಕೆ ಇದನ್ನು ಒಪ್ಪಿತು. ಅಪಘಾತದ ನಡುಕ ಮಾತ್ರ ಆ ಒಪ್ಪಿಗೆಯ ಪಟ್ಟಿಯಲ್ಲಿಲ್ಲ. ವೈದ್ಯರು ತಮ್ಮ ವಿವೇಚನೆಯ ಮೇಲೆ ಮಾಡುತ್ತಾರೆ. ಇದುವರೆಗಿನ ಆಧಾರವೆಂದರೆ ಒಬ್ಬೊಬ್ಬ ರೋಗಿಯ, ಇಲ್ಲವೇ ಸಣ್ಣ ಸಣ್ಣ ಗುಂಪುಗಳ ವರದಿಗಳು. ಅವುಗಳಲ್ಲಿ ಗಣನೀಯ ಸುಧಾರಣೆ ಕಂಡವರಿದ್ದಾರೆ. ಏನೂ ಪ್ರಯೋಜನ ಕಾಣದವರೂ ಇದ್ದಾರೆ. ಗುಣ ಕಂಡ ವರದಿ ಅಚ್ಚಾಗುವಷ್ಟು ಸುಲಭವಾಗಿ ಕಾಣದ ವರದಿ ಅಚ್ಚಾಗುವುದಿಲ್ಲ ಎಂಬುದನ್ನೂ ಮರೆಯಬಾರದು.

ಹಾಗಾದರೆ ಯಾರಿಗೆ ಫಲ? ಥಲಾಮಸಿನ ಆ ಭಾಗವೇ ಅಪಘಾತದಲ್ಲಿ ನಾಶವಾಗಿದ್ದರೆ ತಂತಿ ಇರಿಸಲು ಜಾಗವೇ ಇರುವುದಿಲ್ಲ. ಅದು ಉಳಿದಿದೆಯೇ ಎಂದು ಎಂ.ಆರ್.ಐ. ಹೇಳಬೇಕು. ಮುಖ್ಯ ಕಷ್ಟ ನಡುಕವೇ ಆಗಿದ್ದರೆ ಆಶೆಗೆ ಎಡೆಯಿದೆ. ಕಷ್ಟ ಇರುವುದು ಶಕ್ತಿಹೀನತೆಯಲ್ಲಿ, ನಡೆಯುವಾಗಿನ ತೂಕತಪ್ಪುವಿಕೆಯಲ್ಲಿ, ಮರೆವಿನಲ್ಲಿ ಅಥವಾ ಕೋಪದಲ್ಲಿ ಆಗಿದ್ದರೆ ಈ ತಂತಿ ಅವನ್ನು ಸರಿಪಡಿಸದು. ಕೈ ಅಥವಾ ಕಾಲಿಗೆ ಮಾತ್ರ ಏಟಾಗಿ ಅದು ಒಂದೇ ಭಂಗಿಯಲ್ಲಿ ಬಿಗಿದುಕೊಂಡಿದ್ದರೆ ಫಲ ಬಹಳ ಕಡಿಮೆ. ಇನ್ನು ಕೆಲವರಲ್ಲಿ ನಡುಕ ನಿಜವಾಗಿಯೇ ಇದ್ದರೂ ಅದು ಮೆದುಳಿನ ಗಾಯದಿಂದ ಬಂದುದಾಗಿರುವುದಿಲ್ಲ. ಆಘಾತದ ನಂತರ ಶರೀರದ ಹತೋಟಿ ತಪ್ಪಿ ಬಂದುದಾಗಿರುತ್ತದೆ. ಅವರದು ನಟನೆಯಲ್ಲ, ಅವರಿಗೆ ಬೇರೆ ಚಿಕಿತ್ಸೆಯುಂಟು. ಬುರುಡೆ ಕೊರೆದರೆ ಅವರಿಗೆ ಅನ್ಯಾಯವಾದೀತು. ಇದನ್ನೆಲ್ಲ ಬೇರ್ಪಡಿಸಿ ಹೇಳಬಲ್ಲವರು ಚಲನದೋಷಗಳಲ್ಲೇ ನುರಿತ ನರರೋಗ ತಜ್ಞರು. ಶಸ್ತ್ರಚಿಕಿತ್ಸೆ ಮಾಡುವವರನ್ನು ಕಾಣುವ ಮೊದಲು ಅಂಥವರನ್ನು ಕಾಣಬೇಕು. ನಮ್ಮವರು ಅನೇಕ ವೇಳೆ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ.

ಇಷ್ಟು ವೈದ್ಯಕೀಯದ ಮಾತು. ನಮ್ಮ ಚಿಂತೆ ಇರುವುದು ಇದರ ಮುಂದಿನ ಭಾಗದಲ್ಲಿ. ಜಾಹೀರಾತಿನಲ್ಲಿ ಶಸ್ತ್ರಚಿಕಿತ್ಸೆಯ ದಿನವೇ ದೊಡ್ಡದು. ನಿಜದಲ್ಲಿ ಅದು ಆರಂಭ ಮಾತ್ರ. ಗಾಯ ಮಾಗಿದ ಮೇಲೆ ರೋಗಿಯನ್ನು ಎದುರು ಕೂರಿಸಿ, ಹೊರಗಿನಿಂದ ಯಂತ್ರಕ್ಕೆ ಆಜ್ಞೆ ಕೊಟ್ಟು, ಎಷ್ಟು ವಿದ್ಯುತ್ತು, ತಂತಿಯ ಯಾವ ತುದಿಯಿಂದ ಎಂದು ಹೊಂದಿಸಬೇಕು. ಒಂದೇ ಸಲಕ್ಕೆ ಇದು ಮುಗಿಯುವುದಿಲ್ಲ. ಮೊದಲ ಆರು ತಿಂಗಳಲ್ಲಿ ಹಲವು ಸಲ ಹೋಗಬೇಕಾಗುತ್ತದೆ, ಆಮೇಲೂ ಬಿಡುಗಡೆಯಿಲ್ಲ. ಸಾಮಾನ್ಯ ಬ್ಯಾಟರಿ ಮೂರರಿಂದ ಐದು ವರ್ಷಕ್ಕೆ ಮುಗಿಯುತ್ತದೆ, ಆಗ ಎದೆಯ ಯಂತ್ರವನ್ನು ಬದಲಾಯಿಸಲು ಮತ್ತೆ ಶಸ್ತ್ರಚಿಕಿತ್ಸೆ. ಹೆಚ್ಚು ಕಾಲ ಬರುವ, ಮನೆಯಲ್ಲೇ ಚಾರ್ಜು ಮಾಡುವ ಯಂತ್ರವೂ ಇದೆ. ಅದರ ಬೆಲೆ ಇನ್ನೂ ಮೇಲೆ. ಇಪ್ಪತ್ತೈದರ ಹರೆಯದಲ್ಲಿ ತಂತಿ ಇರಿಸಿಕೊಂಡ ಹುಡುಗ ಬಾಳಿನುದ್ದಕ್ಕೂ ಒಂದು ಆಸ್ಪತ್ರೆಗೆ ಗಂಟುಬಿದ್ದಂತೆಯೇ.

ಆ ಆಸ್ಪತ್ರೆ ಎಲ್ಲಿದೆ? ಕೇರಳ ಸರಕಾರದ ದೃಷ್ಟಿಯಲ್ಲಿ ನಾವು ನೋಡಬೇಕಾದುದು ತಿರುವನಂತಪುರದ ಕಡೆ. ಅಲ್ಲಿ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಈ ಚಿಕಿತ್ಸೆ ಉಂಟು, ಒಳ್ಳೆಯ ಹೆಸರೂ ಉಂಟು. ಆದರೆ ಕಾಸರಗೋಡಿನಿಂದ ಅದು 550 ಕಿಲೋಮೀಟರಿಗೂ ಆಚೆ. ನಡುಗುವ ಕೈಯಿಂದ ನೀರು ಕುಡಿಯಲಾರದವನನ್ನು ರಾತ್ರಿ ರೈಲಿನಲ್ಲಿ ಕರೆದೊಯ್ಯುವ ಕಷ್ಟ ಒಮ್ಮೆ ಹೋಗಿ ಬಂದವರಿಗೇ ಗೊತ್ತು. ಬೆಂಗಳೂರಿನ ನಿಮ್ಹಾನ್ಸಿನಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ದಾರಿ ತುಸು ಕಡಿಮೆ, ಭಾಷೆ ನಮ್ಮದು, ಆದರೆ ರಾಜ್ಯ ಬೇರೆ. ರಾಜ್ಯ ಬೇರೆ ಎಂಬುದರ ಅರ್ಥವನ್ನು 2020ರ ಮಾರ್ಚಿನಲ್ಲಿ ನಾವು ಕಂಡೆವು. ಕೊರೋನಾದ ಹೆಸರಿನಲ್ಲಿ ಕರ್ನಾಟಕ ತಲಪಾಡಿಯ ಗಡಿಯನ್ನು ಮುಚ್ಚಿತು. ಮಂಗಳೂರನ್ನೇ ತಮ್ಮ ಆಸ್ಪತ್ರೆಯೆಂದು ನಂಬಿದ್ದ ಈ ಜಿಲ್ಲೆಯ ರೋಗಿಗಳು ದಾರಿ ಸಿಗದೆ ಪ್ರಾಣಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸಲು ಕೇಂದ್ರಕ್ಕೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ರೋಗಿಗಳನ್ನು ಬಿಡುವ ಕ್ರಮವೊಂದು ಗೊತ್ತಾಯಿತು. ಆ ದಿನಗಳು ಮುಗಿದಿವೆ. ಆದರೂ ಮೆದುಳಿನಲ್ಲಿ ಯಂತ್ರ ಇರಿಸಿಕೊಂಡು ವರ್ಷಕ್ಕೆ ನಾಲ್ಕು ಸಲ ಗಡಿ ದಾಟಬೇಕಾದವನ ಮನೆಯವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲು ಸಾಧ್ಯವೇ?

ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ಎಲ್ಲದಕ್ಕೂ ಭಾಷೆಯನ್ನು ಎಳೆದು ತರುವವರೆಂಬ ಆಪಾದನೆ ನಮ್ಮ ಮೇಲೆ ಹಳೆಯದು. ಆದರೆ ಈ ಚಿಕಿತ್ಸೆಯಷ್ಟು ರೋಗಿಯ ಮಾತಿನ ಮೇಲೆ ನಿಂತ ಚಿಕಿತ್ಸೆ ಬೇರೆ ಹೆಚ್ಚಿಲ್ಲ. ತಂತಿ ಇರಿಸುವಾಗ ಅನೇಕ ಕಡೆ ರೋಗಿಯನ್ನು ಎಚ್ಚರದಲ್ಲೇ ಇರಿಸಿ, ಕೈ ಎತ್ತಿಸಿ, ಮಾತಾಡಿಸಿ ಜಾಗ ಗೊತ್ತುಮಾಡುತ್ತಾರೆ. ಆಮೇಲೆ ವಿದ್ಯುತ್ತನ್ನು ಹೊಂದಿಸುವಾಗಲೂ "ಏನಾಗುತ್ತಿದೆ?" ಎಂಬ ಪ್ರಶ್ನೆಗೆ ರೋಗಿ ಕೊಡುವ ಉತ್ತರವೇ ದಾರಿದೀಪ. ವಿದ್ಯುತ್ತು ಪಕ್ಕದ ಸ್ಪರ್ಶದ ಕೇಂದ್ರಕ್ಕೆ ಹರಿದರೆ ಕೈಯಲ್ಲಿ ಜೋಮು ಬರುತ್ತದೆ. ನಮ್ಮಲ್ಲಿ ಜೋಮು ಬೇರೆ, ಮರಗಟ್ಟುವುದು ಬೇರೆ, ಸೆಳೆತ ಬೇರೆ. ಮಲಯಾಳದಲ್ಲೂ ತರಿಪ್ಪ್ ಬೇರೆ, ಮರವಿಪ್ಪ್ ಬೇರೆ. ಪೇಟೆಯಲ್ಲಿ ಮೀನಿನ ಕ್ರಯ ಕೇಳುವಷ್ಟು ಮಲಯಾಳ ಬಲ್ಲ ನಮ್ಮ ಹಳ್ಳಿಯವನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಗಾಬರಿಯಲ್ಲಿ ಇವುಗಳಲ್ಲಿ ಒಂದನ್ನು ಇನ್ನೊಂದೆಂದು ಹೇಳಿದರೆ ಏನಾಯಿತು?

ಇನ್ನೂ ಒಂದು ಸಂಗತಿ. ನಡುಕಕ್ಕಾಗಿ ಥಲಾಮಸಿಗೆ ವಿದ್ಯುತ್ತು ಕೊಟ್ಟಾಗ ಆಗುವ ಸಾಮಾನ್ಯ ಉಪದ್ರವಗಳಲ್ಲಿ ಮಾತು ತೊದಲುವುದು ಮುಖ್ಯ. ಅದನ್ನು ಕಿವಿಯಿಂದಲೇ ಕಂಡುಹಿಡಿಯಬೇಕು. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಆಡುವ ಹುಡುಗನೊಡನೆ ವೈದ್ಯರು ಮಲಯಾಳದಲ್ಲಿ ಮಾತಾಡಿದರೆ, ಅವನ ತಡವರಿಕೆ ಭಾಷೆ ಬಾರದ್ದರಿಂದಲೋ ವಿದ್ಯುತ್ತು ಹೆಚ್ಚಾದ್ದರಿಂದಲೋ ಎಂದು ಅವರಿಗೆ ತಿಳಿಯುವ ಬಗೆ ಹೇಗೆ? ಅಲ್ಲಿರುವವರ ಸದ್ಭಾವನೆಯನ್ನು ನಾವು ಶಂಕಿಸುವುದಿಲ್ಲ. ಕೇಳಿಸದ್ದನ್ನು ಕೇಳುವುದು ಸದ್ಭಾವನೆಯಿಂದಲೂ ಸಾಧ್ಯವಿಲ್ಲ, ಅಷ್ಟೇ. ಆದುದರಿಂದ ಹೊಂದಿಸುವ ದಿನ ಮನೆಯವರೊಬ್ಬರು ಹತ್ತಿರವೇ ಇದ್ದು, ಅವನ ಮಾತು ಮನೆಯಲ್ಲಿ ಆಡುವಂತಿದೆಯೇ ಎಂದು ಹೇಳಬೇಕು. ಅಪಘಾತಕ್ಕೆ ಮೊದಲಿನ ಮತ್ತು ಶಸ್ತ್ರಚಿಕಿತ್ಸೆಗೆ ಮೊದಲಿನ ಅವನ ಧ್ವನಿ ಮೊಬೈಲಿನಲ್ಲಿದ್ದರೆ ಅದನ್ನು ಕೇಳಿಸಬೇಕು. ಒಪ್ಪಿಗೆಪತ್ರವನ್ನು ಕನ್ನಡದಲ್ಲಿ ಓದಿಸಿ ಹೇಳುವಂತೆ ಕೇಳಲು ಸಂಕೋಚ ಬೇಡ. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಒಪ್ಪಿತ್ತು. ಅರ್ಜಿಗೆ ಸಲ್ಲುವ ಹಕ್ಕು ಮೆದುಳಿಗೆ ಸಲ್ಲಬಾರದೇ?

ಸರಕಾರದಿಂದ ಆಗಬೇಕಾದುದು ಅಸಾಧ್ಯವಾದುದೇನಲ್ಲ. ಈ ಶಸ್ತ್ರಚಿಕಿತ್ಸೆ ಪ್ರತಿ ಜಿಲ್ಲೆಯಲ್ಲೂ ಆಗಬೇಕೆಂದು ಯಾರೂ ಕೇಳುತ್ತಿಲ್ಲ, ಕೇಳುವುದು ಮೂರ್ಖತನ. ಕೆಲವೇ ಕಡೆ, ಪಳಗಿದ ಕೈಗಳಲ್ಲೇ ಅದು ನಡೆಯಬೇಕು. ಆದರೆ ವಿದ್ಯುತ್ತನ್ನು ಹೊಂದಿಸುವ ಕೆಲಸಕ್ಕೆ ಶಸ್ತ್ರಾಗಾರ ಬೇಡ. ತರಬೇತಾದ ಒಬ್ಬ ವೈದ್ಯರು, ಒಂದು ಉಪಕರಣ, ಒಂದು ಕೋಣೆ ಸಾಕು. 2013ರಲ್ಲಿ ಉಕ್ಕಿನಡ್ಕದಲ್ಲಿ ಶಿಲಾನ್ಯಾಸವಾದ ವೈದ್ಯಕೀಯ ಕಾಲೇಜು ವರ್ಷಗಟ್ಟಲೆ ಕಾಯಿಸಿ, 2020ರಲ್ಲಿ ಕೊರೋನಾ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ತಿಂಗಳಿಗೊಮ್ಮೆ ತಜ್ಞರು ಅಲ್ಲಿಗೆ ಬಂದು, ಕನ್ನಡ ತುಳು ಬಲ್ಲ ದಾದಿಯೊಬ್ಬರನ್ನು ಜೊತೆಗಿರಿಸಿಕೊಂಡು ಇಂಥ ರೋಗಿಗಳನ್ನು ನೋಡುವ ಏರ್ಪಾಡು ಮಾಡಿದರೆ, ಪಾರ್ಕಿನ್ಸನ್ ರೋಗದ ವೃದ್ಧರಿಗೂ ಅದು ಉಪಕಾರವಾದೀತು. ನಮ್ಮ ಜನಪ್ರತಿನಿಧಿಗಳು ಕಟ್ಟಡದ ಉದ್ಘಾಟನೆಗೆ ತೋರುವ ಉತ್ಸಾಹದ ಹತ್ತರಲ್ಲೊಂದು ಭಾಗವನ್ನು ಇದಕ್ಕೆ ತೋರಲಿ.

ಕೊನೆಗೆ ಹಣದ ವಿಷಯ. ಯಂತ್ರಕ್ಕೇ ಹಲವು ಲಕ್ಷ ರೂಪಾಯಿ. ಯಾವ ವಿಮೆ, ಯಾವ ಕಾರ್ಡು ಎಷ್ಟನ್ನು ಕೊಡುತ್ತದೆ, ಬ್ಯಾಟರಿ ಬದಲಿಸುವಾಗ ಮತ್ತೆ ಕೊಡುತ್ತದೆಯೇ, ಗಡಿಯಾಚೆ ನಡೆಯುತ್ತದೆಯೇ ಎಂಬ ಮೂರು ಪ್ರಶ್ನೆಗೆ ಲಿಖಿತ ಉತ್ತರ ಪಡೆಯದೆ ಮುಂಗಡ ಕಟ್ಟಬಾರದು. ರಸ್ತೆ ಅಪಘಾತವಾದರೆ ಪರಿಹಾರದ ಮೊಕದ್ದಮೆಯೂ ಇದೆ. ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಂತೆ 2022ರ ಏಪ್ರಿಲಿನಿಂದ ಅರ್ಜಿ ಸಲ್ಲಿಸಲು ಆರು ತಿಂಗಳ ಅವಧಿ ನಿಗದಿಯಾಯಿತು. ನಡುಕ ಶುರುವಾಗುವುದೇ ಎಷ್ಟೋ ವೇಳೆ ಅದರ ನಂತರ! ಈ ಅವಧಿಯನ್ನು ಪ್ರಶ್ನಿಸಿದ ದಾವೆಗಳಲ್ಲಿ ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ, ಅವಧಿ ಮೀರಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ತಳ್ಳಬಾರದೆಂದು ಮಧ್ಯಂತರ ಆದೇಶ ಕೊಟ್ಟಿತು. ಆದರೂ ಅದನ್ನೇ ನೆಚ್ಚಿ ತಡಮಾಡುವುದು ಜಾಣತನವಲ್ಲ. ಮುಂದಿನ ಚಿಕಿತ್ಸೆಯ ವೆಚ್ಚವನ್ನೂ ಪರಿಹಾರದಲ್ಲಿ ಸೇರಿಸಬೇಕೆಂದು ಸುಪ್ರೀಂ ಕೋರ್ಟು 2010ರ ರಾಜಕುಮಾರ್ ಮೊಕದ್ದಮೆಯಲ್ಲೇ ಹೇಳಿದೆ. ಆದುದರಿಂದ ಅರ್ಜಿಯನ್ನು ಸಕಾಲದಲ್ಲಿ ಹಾಕಿ, ನಡುಕ ಕಾಣಿಸಿಕೊಂಡ ದಿನದಿಂದ ವೈದ್ಯರ ಚೀಟಿಗಳನ್ನು ಕೂಡಿಡಬೇಕು. ರಾಜಿಯ ಹಣಕ್ಕೆ ಆತುರಪಟ್ಟು ಸಹಿ ಹಾಕಬಾರದು. ಒಮ್ಮೆ ಮುಗಿದ ಮೊಕದ್ದಮೆಯನ್ನು ಮತ್ತೆ ತೆರೆಯಿಸುವುದು ಬಹಳ ಕಷ್ಟ.

ತಂತಿ ಇರಿಸಿಕೊಂಡವರು ನಮ್ಮ ನಡುವೆ ಈಗಾಗಲೇ ಇದ್ದಾರೆ. ಅವರ ಮನೆಯವರಿಗೆ ಒಂದು ಮಾತು: ಸೊಂಟನೋವಿಗೋ ಮೊಣಕಾಲು ನೋವಿಗೋ ಫಿಸಿಯೋಥೆರಪಿಗೆ ಹೋದಾಗ ಡಯಾಥರ್ಮಿ ಎಂಬ ಶಾಖದ ಯಂತ್ರವನ್ನು ಶರೀರದ ಯಾವ ಭಾಗಕ್ಕೂ ಇಡಗೊಡಬಾರದು. ಅದರ ಶಕ್ತಿ ತಂತಿಯಲ್ಲಿ ಹರಿದು ಮೆದುಳನ್ನೇ ಸುಡಬಲ್ಲುದು. ಹೊರದೇಶಗಳಲ್ಲಿ ಹೀಗೆ ಅನಾಹುತವಾದುದಿದೆ. ಎಂ.ಆರ್.ಐ.ಗೆ ಮೊದಲು ಯಂತ್ರದ ಚೀಟಿಯನ್ನು ತೋರಿಸಬೇಕು. ಆ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಅದರ ಹಿಂಭಾಗದಲ್ಲಿ "ತಲೆಯಲ್ಲಿ ತಂತಿ, ಎದೆಯಲ್ಲಿ ಯಂತ್ರ ಇದೆ" ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು, ಯಾವಾಗಲೂ ಕಿಸೆಯಲ್ಲಿ ಇರಿಸಿಕೊಳ್ಳುವಂತೆ ಮಾಡಿರಿ.